ಆರು ನೂರು ಕೊಡ ನೀರು

ಧಾರವಾಡದಾಗ ನಮ್ಮ ಓಣಿಗೆ ಐದ ದಿನಕ್ಕೊಮ್ಮೆ ನಳಾ ಬರ್ತದ. ನಳಾ ಬರೋ ದಿವಸ ಅಂದ್ರ ಮನ್ಯಾಗ ಹಬ್ಬ ಇದ್ದಂಗ. ಸಂಪ್ ತುಂಬಬೇಕು, ಗಚ್ಚಿ ಮ್ಯಾಲಿನ ಟಾಕಿ ತುಂಬಬೇಕು, ಹಂಡೆ, ಬಕೀಟು, ಕೊಡಾ, ಕಡೀಕ ಮದವಿ ಮನಿಯಿಂದ ಬಂದ ದೊಡ್ಡ ಪಾತೇಲಿ ಸುದ್ದಾ ತುಂಬಿ ಇಡಬೇಕು. ಯಾರರೆ ನೆಂಟರು "ಬರ್ತೇವಿ" ಅಂತ ಫೋನ್ ಮಾಡಿದ್ರ, ಬಾಯಾಗ "ಬರ್ರಿ ಬರ್ರಿ" ಅಂತಿದ್ರೂ ಮನಸಿನಾಗ ನಳಾದ ವಾರ ಎಣಸ್ತಿರತೇನಿ. ನಾ ಓದಿದ್ದು ಪಿಯುಸಿ ತನಕಾ ಖರೇ, ಆದ್ರ ನೀರು ಉಳಸೋದ್ರಾಗ ಯಾರರೆ ಪರೀಕ್ಷಾ ಇಟ್ರ ಫಸ್ಟ್ ಕ್ಲಾಸಿನಾಗ ಪಾಸಾಗ್ತೇನಿ. ಅಕ್ಕಿ ತೊಳದ ನೀರು ಕರಿಬೇವಿನ ಗಿಡಕ್ಕ, ಅರಿವಿ ಹಿಂಡಿದ ನೀರು ಬಚ್ಚಲಾ ತೊಳೀಲಿಕ್ಕೆ, ಒಂದ ಹನಿ ಸುಮ್ಮ ಹೋಗಂಗಿಲ್ಲ.

ಇಂಥಾಕಿ ನಾನು, ಒಂದ ಮಳಿಗಾಲದಾಗ ಒಂದ ತಾಸಿನೊಳಗ ಆರು ನೂರು ಕೊಡ ನೀರು ಮನಿ ಹೊರಗ ಚೆಲ್ಲಿದೆ. ಚೆಲ್ಲಿದ್ದು ಗಟಾರಕ್ಕ ಹೋಗಿದ್ರ ಇಷ್ಟು ಬರೀತಿದ್ದಿಲ್ಲ. ಅದು ನಮ್ಮ ಕೆಳಗಿನ ಮನಿ ಕಾಕು ಅವರ ಪಡಸಾಲಿಗೆ ಹೋತು.

ಹೆಂಗಂತ ಹೇಳ್ತೇನಿ ಕೇಳ್ರಿ.

ನಮ್ಮ ಮನಿ ಕಟ್ಟಿದಾಗ ಮುಂದ ಬರೇ ಮಣ್ಣಿನ ಅಂಗಳ ಇತ್ತು. ಒಂದ ಕಡೆ ಪಾರಿಜಾತದ ಗಿಡಾ, ಒಂದ ಕಡೆ ದಾಸವಾಳ, ನಡುವ ತುಳಸಿಕಟ್ಟಿ. ಬ್ಯಾಸಿಗಿ ಬಂದ್ರ ಧೂಳಾ, ಮಳಿಗಾಲ ಬಂದ್ರ ರಾಡಿ. ದಿನಾ ಮುಂಜಾನೆ ಎದ್ದು ನೀರು ಹೊಡದು ಕಸಾ ಗುಡಿಸಿ ರಂಗೋಲಿ ಹಾಕೋದು ನನ್ನ ಕೆಲಸ. ಸೊಂಟಾ ನೋಯ್ಲಿಕ್ಕೆ ಶುರುವಾದ ಮ್ಯಾಲೆ ನಾನೇ ಗಂಟು ಬಿದ್ದೆ, "ಇಂಟರ್‌ಲಾಕ್ ಪೇವರ್ ಹಾಕಸೋಣು" ಅಂತ. ನಮ್ಮನಿಯವರು, "ಗಿಡಾ ಏನ ಮಾಡ್ತಿ?" ಅಂತ ಒಂದ ಮಾತ ಕೇಳಿದ್ರು. "ಕುಂಡಿಯೊಳಗ ಹಚ್ಚಿದ್ರಾತು" ಅಂದೆ. ಪಾರಿಜಾತದ ಗಿಡಾ ಕಡಸಿ, ಕೆಳಗ ಗಟ್ಟಿ ಕಾಂಕ್ರೀಟ್ ಹಾಕ್ಸಿ, ಅದರ ಮ್ಯಾಲೆ ಕೆಂಪು-ಬೂದಿ ಬಣ್ಣದ ಪೇವರ್ ಜೋಡಿಸಿ, ಸಂದಿಗೆಲ್ಲಾ ಸಿಮೆಂಟು ತುಂಬಿಸಿ, ನೀರು ನಿಲ್ಲಬಾರದು ಅಂತ ಗೇಟಿನ ಕಡೆ ಛಲೋ ಇಳುಕಲು ಕೊಡಿಸಿದ್ವಿ. ಗಚ್ಚಿ ಮ್ಯಾಲಿನ ಎರಡೂ ಪೈಪಿನ ಬಾಯಿ ಅದೇ ಅಂಗಳಕ್ಕ ಬಿಟ್ವಿ. ಬಂದವರೆಲ್ಲಾ "ಛಂದ ಆಗೇದ ನೋಡ್ರಿ" ಅಂದ್ರು. ನನಗೂ ಖುಷಿ ಆತು. ಒರಸಿದ್ರ ಅಡಗಿ ಮನಿ ಹಂಗ ಸ್ವಚ್ಛ ಆಗ್ತಿತ್ತು.

ಆ ವರ್ಷ ರೋಹಿಣಿ ಮಳಿ ಶುರುವಾತು. ನಮ್ಮೂರಿನ ಮಳಿ ಅಂದ್ರ ಮೊದಲಿಂದ ಜಿಟಿಜಿಟಿ ಮಳಿ. ನಾ ಸಣ್ಣಾಕಿ ಇದ್ದಾಗ ಶ್ರಾವಣದಾಗ ನಾಕ-ನಾಕ ದಿನಾ ಬಿಡಲಾರದ ಸಣ್ಣಗ ಹತ್ತತಿತ್ತು, ಅರಿವಿ ಒಣಗತಿದ್ದಿಲ್ಲ. ಆದ್ರ ಈ ಅಡ್ಡಮಳಿ, ರೋಹಿಣಿ ಮಳಿ ಹಂಗಲ್ಲ. ಸಂಜಿ ಮುಂದ ಗುಡುಗು-ಮಿಂಚು ಬಂದು, ಒಂದ ತಾಸಿನಾಗ ಒಂದ ವಾರದ ನೀರು ಸುರವಿ ಹೋಗ್ತದ. ಅವತ್ತ ಹಂಗ ಸುರೀತು. ನಾ ಬಾಗಲದಾಗ ನಿಂತು ನೋಡ್ಲಿಕ್ಕತ್ತಿದ್ದೆ. ನಮ್ಮ ಅಂಗಳದಾಗ ಒಂದ ಹನಿ ನಿಲ್ಲಲಿಲ್ಲ. ಗೇಟಿನ ಕೆಳಗಿಂದ ಹೊಳಿ ಹಂಗ ಹರದು ಹೋತು. "ಇಳುಕಲು ಛಲೋ ಕೊಟ್ಟಾನ ಗವಂಡಿ" ಅಂತ ನಾ ಮನಸಿನಾಗ ಅವನ್ನ ಹೊಗಳಿದೆ.

ಹೊಗಳಿ ಒಳಗ ಬಂದು ಚಹಾಕ್ಕ ಇಡೋದ್ರಾಗ ಕೆಳಗಿನ ಮನಿಯಿಂದ ಚೀರೋದು ಕೇಳಸ್ತು.

ನಮ್ಮ ಓಣಿ ಇಳುಕಲಿನಾಗ ಅದ. ಧಾರವಾಡದಾಗ ಎಲ್ಲೆ ಹೋದ್ರೂ ಏರು ಇಲ್ಲಾ ಇಳುಕಲು. ನಮ್ಮ ಮನಿ ಮ್ಯಾಲೆ, ಕಾಕು ಮನಿ ಕಡೀಕ ಕೆಳಗ. ಅವರ ಮನಿ ಹಳೇದು. ರಸ್ತೆ ಪ್ರತಿ ಸಲ ಡಾಂಬರು ಬಳಕೊಂಡು ಬಳಕೊಂಡು ಎತ್ತರ ಆಗೇದ, ಅವರ ಹೊಸ್ತಲಾ ಇದ್ದಲ್ಲೇ ಅದ. ನಾ ಹೋಗೋದ್ರಾಗ ಪಡಸಾಲ್ಯಾಗ ಮೊಣಕಾಲಿನ ಅರ್ಧದ ತನಕಾ ರಾಡಿ ನೀರು. ಜೋಳದ ಚೀಲಾ ತೊಯ್ದು ಹೋಗಿತ್ತು. ಕಾಕು ಒಬ್ಬಾಕಿನೇ ಇರೋದು, ಎಪ್ಪತ್ತರ ಮ್ಯಾಲೆ ವಯಸ್ಸು. ತಮ್ಮ ಅತ್ತಿ ಕೈಯಾರೆ ಹೊಲದ ಕೌದಿ ಒಂದಿತ್ತು, ಅದನ್ನ ಗಂಟು ಕಟ್ಟಿ ಮಂಚದ ಕೆಳಗ ಇಟ್ಟಿದ್ರು. ನೆರಿಗಿ ಎತ್ತಿಕೊಂಡು ನೀರಾಗ ನಿಂತು ಆ ಕೌದಿ ಹಿಂಡ್ಲಿಕ್ಕತ್ತಿದ್ರು. ಗಟಾರದ ನೀರೂ ಕೂಡಿ ಬಂದಿತ್ತು, ವಾಸನಿ.

"ಎಂಥಾ ಮಳಿ ಬಂತಲ್ರಿ ಕಾಕು, ಹಿಂಗ ಆಗಬಾರದಿತ್ತು" ಅಂದೆ ನಾನು.

ಕಾಕು ಕೌದಿ ಹಿಂಡೋದು ಬಿಡ್ಲಿಲ್ಲ. "ಮಳಿ ದೇವರದವಾ. ಕಲ್ಲ ಹಾಕ್ಸಿದ್ದು ಯಾರು?" ಅಂದ್ರು.

ನನಗ ಸಿಟ್ಟ ಬಂತು, ಸುಳ್ಳ ಯಾಕ ಹೇಳ್ಲಿ. ನಮ್ಮ ಅಂಗಳ, ನಮ್ಮ ರೊಕ್ಕ, ಊರ ಮಳಿಗೆಲ್ಲಾ ನಾನೇ ಕಾರಣ ಏನು ಅನಿಸ್ತು. ಏನೂ ಮಾತಾಡಲಾರದ ಬಕೀಟು ಹಿಡದು ನೀರು ತಗದು ಮನಿಗೆ ಬಂದೆ. ಕಾಕು ಗ್ವಾಡಿ ಆರೋ ತನಕಾ ಮಗಳ ಮನಿಗೆ ಹೋದ್ರು, ಎರಡ ತಿಂಗಳು ಬರಲಿಲ್ಲ. ಶ್ರಾವಣದ ಶುಕ್ರವಾರ ಅರಿಷಿಣ-ಕುಂಕುಮಕ್ಕ ಅವರ ಮನಿ ಬಾಗಲಾ ಕೀಲಿ ಹಾಕಿತ್ತು. ಇಪ್ಪತ್ತೆಂಟ ವರ್ಷದಾಗ ಹಂಗ ಆಗಿದ್ದು ಅದೇ ಮೊದಲು.

ಆಮ್ಯಾಲೆ ಒಂದಿನ ಕೂತು ಲೆಕ್ಕಾ ಹಾಕಿದೆ. ಪಿಯುಸಿದಾಗ ಕಲಿತ ಗಣಿತ ಇಷ್ಟರೆ ಉಪಯೋಗಕ್ಕ ಬರಲಿ ಅಂತ. ಈ ಲೆಕ್ಕಾ ಯಾರರೆ ಮಾಡಬಹುದು, ಭಾಳ ಸರಳ ಅದ. ಒಂದ ಚದರ ಮೀಟರ್ ಜಾಗಾದ ಮ್ಯಾಲೆ 1 ಮಿಲಿಮೀಟರ್ ಮಳಿ ಬಿದ್ರ ಅದು ಬರೋಬ್ಬರಿ 1 ಲೀಟರ್ ನೀರು. ನಮ್ಮದು 40-60ರ ಪ್ಲಾಟು, ಅಂದ್ರ 2,400 ಚದರ ಫೂಟು, ಸುಮಾರು 223 ಚದರ ಮೀಟರ್. ಒಂದ ಜೋರ ಮಳಿ ಅಂದ್ರ 40 ಮಿ.ಮೀ. ಅಂತ ಹಿಡೀರಿ. 223 ಅನ್ನೋದನ್ನ 40ರಿಂದ ಗುಣಸಿದ್ರ ಸುಮಾರು 9,000 ಲೀಟರ್. ನಮ್ಮ ಹಿತ್ತಾಳಿ ಕೊಡಾ 15 ಲೀಟರಿಂದು. ಆರು ನೂರು ಕೊಡಾ ಆತು. ನಮ್ಮ ಮನಿ ಗಚ್ಚಿನೂ ಸಿಮೆಂಟಿಂದು, ಅಂಗಳಾನೂ ಸಿಮೆಂಟಿಂದು. ಅಲ್ಲೆ ಇಲ್ಲೆ ಹಸಿಯಾಗಿ ಉಳಿಯೋದು ಬಿಟ್ರ ಉಳದದ್ದೆಲ್ಲಾ ಗೇಟಿನ ಕೆಳಗಿಂದ ಹೊರಗ. ನಾ ಒಬ್ಬಾಕಿನೇ ಆರು ನೂರು ಕೊಡಾ ಹೊತ್ತು ತಂದು ಆ ಮುದಕಿ ಹೊಸ್ತಲದ ಮ್ಯಾಲೆ ಸುರವಿದ್ರ ಓಣಿ ಮಂದಿ ಏನ ಅಂತಿದ್ರು? ಅದನ್ನೇ ನಾ ಮಾಡಿದ್ದೆ, ಗವಂಡಿಗೆ ರೊಕ್ಕಾ ಕೊಟ್ಟು ಮಾಡ್ಸಿದ್ದೆ.

ನಮ್ಮ ಓಣ್ಯಾಗ ಇಪ್ಪತ್ತೆರಡ ಮನಿ. ಹತ್ತ ವರ್ಷದಾಗ ಹದಿನಾರು ಮನಿ ಅಂಗಳ ಸಿಮೆಂಟ್ ಆಗ್ಯಾವ. ಮೊದಲು ಇದೇ ಓಣಿ, ಇದೇ ಗಟಾರ, ಇಂಥಾ ಮಳಿ ಎಷ್ಟೋ ಬಂದು ಹೋಗಿದ್ವು, ಕಾಕು ಮನ್ಯಾಗ ನೀರು ಹೊಕ್ಕಿದ್ದಿಲ್ಲ. ಯಾಕಂದ್ರ ಅಂಗಳದ ಮಣ್ಣು ಮೊದಲು ತನ್ನ ಪಾಲು ಕುಡೀತಿತ್ತು. ಗಿಡದ ಎಲಿ ಮಳಿ ಹೊಡತಾ ತಡೀತಿತ್ತು. ಹಳೇ ಬೇರು ಸತ್ತಲ್ಲೆ ಸಣ್ಣ-ಸಣ್ಣ ಕೊಳವಿ ಆಗಿರ್ತಾವ, ಎರಿಹುಳ ತೂತು ಮಾಡಿರ್ತಾವ, ಅವುಗುಂಟ ನೀರು ಕೆಳಗ ಇಳೀತದ. ಉಳದ ನೀರು ನಿಧಾನಕ್ಕ ಹೊರಗ ಬರ್ತಿತ್ತು. ನೆಲಾ ಒರಸೋ ಅರಿವಿ ಮ್ಯಾಲೆ ಒಂದ ತಂಬಗಿ ನೀರು ಹಾಕ್ರಿ, ಸ್ಟೀಲಿನ ತಾಟಿನ ಮ್ಯಾಲೆ ಒಂದ ತಂಬಗಿ ಹಾಕ್ರಿ. ನಮ್ಮ ಊರನ್ನ ನಾವು ಅರಿವಿ ಇದ್ದದ್ದು ತಾಟು ಮಾಡೇವಿ.

ಹಂಗಾರ ದೊಡ್ಡ ಗಟಾರ ಕಟ್ಟಿಸಿದ್ರಾತಲ್ಲಾ ಅಂತೀರಿ. ನಾನೂ ಮೊದಲು ಹಂಗ ಅಂದೆ. ಓಣಿ ಮಂದಿ ಎಲ್ಲಾ ಸಹಿ ಹಾಕಿ ಅರ್ಜಿ ಕೊಡೋಣು ಅಂದಾಗ ಮೊದಲನೇ ಸಹಿ ನಂದು. ಆದ್ರ ಗಟಾರ ಏನ ಮಾಡ್ತದ? ನೀರನ್ನ ತಿಂದು ಬಿಡಂಗಿಲ್ಲ, ಬರೇ ಮುಂದ ದೂಡ್ತದ. ಅಗಲ ಮಾಡಿದಷ್ಟು ಜೋರಾಗಿ ದೂಡ್ತದ. ನಮ್ಮ ಓಣಿ ನೀರು ಮುಂದಿನ ಓಣಿಗೆ, ಅಲ್ಲಿಂದ ನಾಲಾಕ್ಕ, ನಾಲಾದಿಂದ ಹಳ್ಳಕ್ಕ. ತುಪ್ಪರಿಹಳ್ಳ, ಬೆಣ್ಣಿಹಳ್ಳ ಏರಿದಾಗ ನವಲಗುಂದ ಕಡೆ ಹೊಲಾ ಮುಳಗಿದ ಸುದ್ದಿ ಪೇಪರಿನಾಗ ಓದಿ "ಪಾಪ" ಅಂತ ಮುಂದಿನ ಪುಟಾ ತಿರುವ್ತೇವಿ. ಆ ಹಳ್ಳಕ್ಕ ನೀರು ಎಲ್ಲಿಂದ ಬಂತು ಅಂತ ವಿಚಾರ ಮಾಡಂಗಿಲ್ಲ. ಹೊಲದ ನೀರು ಬಂದಿರ್ತದ ಖರೇ, ಆದ್ರ ಊರಿನ ಗಚ್ಚಿ, ಊರಿನ ಅಂಗಳದ ಪಾಲೂ ಅದರಾಗ ಕೂಡಿರ್ತದ. ಎಲ್ಲಾರಿಗೂ ಒಬ್ಬ ಕೆಳಗಿನ ಮನಿಯವರು ಇದ್ದೇ ಇರ್ತಾರ.

ಗಟಾರ ಬ್ಯಾಡ ಅಂತ ನಾ ಹೇಳಂಗಿಲ್ಲ. ಬೇಕು, ಹೂಳ ತಗದು ಇಡಲೂಬೇಕು. ಆದ್ರ ಗಟಾರ ಎರಡನೇದು. ಮೊದಲು ನೆಲಾ ಕುಡೀಬೇಕು, ಅದು ಕುಡದು ಬಿಟ್ಟದ್ದು ಗಟಾರಕ್ಕ ಹೋಗಬೇಕು. ಇದಕ್ಕ ಓದಿದವರು "ಗ್ರೀನ್ ಇನ್ಫ್ರಾಸ್ಟ್ರಕ್ಚರ್" ಅಂತ ದೊಡ್ಡ ಹೆಸರ ಇಟ್ಟಾರ. ನಮ್ಮ ಅಜ್ಜಿ ಕಾಲದಾಗ ಅದಕ್ಕ ಹಿತ್ತಲಾ, ಬಾವಿ, ಕೆರಿ ಅಂತಿದ್ರು.

ಅದೇ ಗವಂಡಿನ್ನ ಮತ್ತ ಕರಸಿದೆ. ಪೇವರ್ ಕೀಳಬೇಕು ಅಂದಾಗ ಅಂವಾ ನನ್ನ ಮಾರಿ ನೋಡಿ, "ಅಕ್ಕಾರ, ಮೊನ್ನೆರ ಹಾಕೇವಲ್ರಿ" ಅಂದ. ವಿಷಯ ಹೇಳಿದ ಮ್ಯಾಲೆ ತಲಿ ಕೆರಕೊಂಡು, "ನೀರಿಗೂ ಹೋಗಾಕ ಜಾಗಾ ಬೇಕ್ರಿ. ನೀವು ಬಾಗಲಾ ಹಾಕಿದ್ರ ಅದು ಮುಂದಿನ ಮನಿ ಬಾಗಲಾ ಬಡೀತೈತಿ" ಅಂದ. ಇದು ಗೊತ್ತಿತ್ತಂದ್ರ ಮೊದಲ ಯಾಕ ಹೇಳಲಿಲ್ಲಪಾ ಅಂದ್ರ, "ನೀವ ಕೇಳಲಿಲ್ಲಲ್ರಿ" ಅಂದ. ಅವನ ಮಾತೂ ಖರೇ.

ನಾವು ಮಾಡ್ಸಿದ್ದು ಇಷ್ಟು. ಕಾರು ಬರೋ ಕಡೆ ಎರಡ ಗಾಲಿಗೆ ಎರಡ ಪಟ್ಟಿ ಮಾತ್ರ ಪೇವರ್ ಉಳಿಸಿ, ನಡುವಿಂದು ಕಿತ್ತಿಸಿ ಕರಕಿ ಹಚ್ಚಿದ್ವಿ. ತುಳಸಿಕಟ್ಟಿ ಸುತ್ತ ಕೆಳಗಿನ ಕಾಂಕ್ರೀಟ್ ಒಡಸಿ, ಹಳೇ ಫರಸಿ ಕಲ್ಲು ಉಸುಕಿನ ಮ್ಯಾಲೆ ಹಾಸಿ, ಸಂದಿಗೆ ಸಿಮೆಂಟ್ ಬದಲಿ ಉಸುಕನ್ನೇ ತುಂಬಿಸಿದ್ವಿ. ರಂಗೋಲಿಗೆ ಜಾಗಾ ಉಳೀತು, ನೀರಿಗೆ ಹಾದಿನೂ ಆತು. ಗೇಟಿನ ಹತ್ರ ಕೆಳಮೂಲ್ಯಾಗ ಹತ್ತ ಫೂಟ ಉದ್ದ, ಐದ ಫೂಟ ಅಗಲ, ಒಂದ ಗೇಣಿಗಿಂತ ಕಡಿಮಿ ಆಳದ ತಗ್ಗ ಮಾಡಿ, ಅದರಾಗ ಉಸುಕು-ಗೊಬ್ಬರ ಕಲಸಿದ ಮಣ್ಣು ಹಾಕಿ ಕೆಸು, ಲಾವಂಚ ಹಚ್ಚಿದೆ. ಇವು ಎರಡ ದಿನಾ ನೀರಾಗ ನಿಂತ್ರೂ ಸಾಯಂಗಿಲ್ಲ, ಒಣಗಿದ್ರೂ ತಡಕೋತಾವ. ಆರ ಇಂಚು ನೀರು ನಿಂತ್ರ ಆ ತಗ್ಗಿನಾಗ 700 ಲೀಟರ್ ಹಿಡೀತದ. ಕೆಸುವಿನ ಎಲಿ ಪತ್ರವಡಿ ಆ ವರ್ಷ ನಾಕ ಸಲ ಮಾಡಿದೆ, ಅದು ಬ್ಯಾರೆ ಲಾಭ.

ಗಚ್ಚಿ ಮ್ಯಾಲಿನ ಒಂದ ಪೈಪು ಬ್ಯಾರಲ್ಲಿಗೆ ಬಿಟ್ಟೇವಿ, ಬಾಯಿಗೆ ಅರಿವಿ ಕಟ್ಟಿ. ವರ್ಷದ ಮೊದಲ ಒಂದೆರಡ ಮಳಿ ನೀರು ಹಿಡಿಯಂಗಿಲ್ಲ, ಗಚ್ಚಿ ಮ್ಯಾಲಿನ ಧೂಳಾ, ಪಾರಿವಾಳದ ಹೊಲಸು ತೊಳಕೊಂಡು ಹೋಗಲಿ ಅಂತ. ಆಮ್ಯಾಲಿನ ನೀರು ಅರಿವಿ ಒಗೀಲಿಕ್ಕೆ, ನೆಲಾ ಒರಸಲಿಕ್ಕೆ, ಕಾರು ತೊಳೀಲಿಕ್ಕೆ. ಮಳಿ ಹತ್ತಿದ ವಾರ ನಳಾ ಬರೋದು ಒಂದ ದಿನಾ ತಡಾ ಆದ್ರೂ ಈಗ ನನಗ ಎದಿ ಢವಢವ ಅನ್ನಂಗಿಲ್ಲ. ಎರಡನೇ ಪೈಪು ಇಂಗು ಗುಂಡಿಗೆ ಹೋಗ್ತದ. ನಾಕ ಫೂಟ ಉದ್ದ, ನಾಕ ಫೂಟ ಅಗಲ, ಆರ ಫೂಟ ಆಳ. ಕೆಳಗ ದಪ್ಪ ಕಲ್ಲು, ಅದರ ಮ್ಯಾಲೆ ಖಡಿ, ಮ್ಯಾಲೆ ಉಸುಕು. ಕಲ್ಲು-ಖಡಿ ಸಂದ್ಯಾಗ ಸುಮಾರು 1,000 ಲೀಟರ್ ನೀರು ಕೂಡ್ತದ, ಕೂಡ್ತಾ ಕೂಡ್ತಾ ಕೆಳಗ ಇಂಗ್ತಾನೂ ಇರ್ತದ. ತುಂಬಿ ಹೆಚ್ಚಾದದ್ದು ಹೊರಗ ಹೋಗ್ಲಿಕ್ಕೆ ಮ್ಯಾಲೆ ಒಂದ ಪೈಪು ಇಡಲೇಬೇಕು, ಇಲ್ಲಂದ್ರ ಆ ನೀರು ನಿಮ್ಮ ಮನಿ ಕಡೇನೇ ತಿರುಗ್ತದ.

ಇಲ್ಲೆ ಒಂದ ಮಾತು ಹೇಳಲೇಬೇಕು. ಧಾರವಾಡ ಅರ್ಧ ಮಲೆನಾಡು, ಅರ್ಧ ಬೆಳವಲ. ಪಡುವಣ ಕಡೆ ಕೆಂಪು ಮಸಾರಿ, ಗರಸು, ನೀರು ಇಳೀತದ. ಮೂಡಣ ಕಡೆ, ಹುಬ್ಬಳ್ಳಿ ಕಡೆ ಹೋದಂಗ ಎರಿ ಮಣ್ಣು. ಎರಿ ಮಣ್ಣು ನೀರು ಕುಡದು ಉಬ್ಬತದ, ಉಬ್ಬಿ ಬಾಯಿ ಮುಚ್ಚಕೋತದ, ಒಣಗಿದ್ರ ಬಿರೀತದ. ಅಂಥಲ್ಲೆ ಮನಿ ಬುನಾದಿ ಮಗ್ಗಲ ಇಂಗು ಗುಂಡಿ ತೋಡಿದ್ರ ಗ್ವಾಡಿ ಸೀಳತದ. ಬುನಾದಿಯಿಂದ ಕಡಿಮಿ ಅಂದ್ರ ಹತ್ತ ಫೂಟ ದೂರ ಇರಬೇಕು. ಎರಿ ಮಣ್ಣು ಇದ್ದವರು ಗುಂಡಿಕ್ಕಿಂತ ಟಾಕಿ, ಬ್ಯಾರಲ್ಲು ನಂಬೋದು ಛಲೋ, ಇಲ್ಲಾ ಕೆಳಗ ಗರಸು ಸಿಗೋ ತನಕಾ ತೋಡಬೇಕು. ತೋಡೋಕಿಂತ ಮೊದಲು ಒಂದ ಸಣ್ಣ ಕುಣಿ ತಗದು, ನಾಕ ಕೊಡಾ ನೀರು ಹಾಕಿ ನೋಡ್ರಿ. ಮರುದಿನ ಮುಂಜಾನೆ ತನಕಾ ನೀರು ಹಂಗ ನಿಂತಿದ್ರ ಆ ಜಾಗಾ ಇಂಗು ಗುಂಡಿಗೆ ಅಲ್ಲ. ಬಚ್ಚಲ, ಪಾಯಖಾನಿ ನೀರಂತೂ ಇದಕ್ಕ ಬಿಡಲೇಬ್ಯಾಡ್ರಿ. ಬೋರಿನ ನೀರು ಕೆಡ್ತದ.

ಇನ್ನ ನನ್ನ ಗೆಳತ್ಯಾರು ಕೇಳಿದ ಪ್ರಶ್ನೆಗಳು. ಮೊದಲನೇದು ಸೊಳ್ಳಿ. "ಅಂಗಳದಾಗ ನೀರು ನಿಲ್ಲಿಸಿ ಡೆಂಗಿ ತರಸ್ತೀರೇನು?" ಅಂತ. ಸೊಳ್ಳಿ ಮೊಟ್ಟಿ ಇಟ್ಟು, ಹುಳ ಆಗಿ, ರೆಕ್ಕಿ ಬರ್ಲಿಕ್ಕೆ ಒಂದ ವಾರದಷ್ಟರೆ ನಿಂತ ನೀರು ಬೇಕು. ನಮ್ಮ ತಗ್ಗಿನ ನೀರು ಒಂದ ದಿವಸದಾಗ, ಭಾಳ ಅಂದ್ರ ಎರಡ ದಿವಸದಾಗ ಇಂಗ್ತದ. ಡೆಂಗಿ ಸೊಳ್ಳಿಗೆ ಬೇಕಾದದ್ದು ಗಚ್ಚಿ ಮ್ಯಾಲಿನ ಒಡದ ಬಕೀಟು, ಕೂಲರು, ಫ್ರಿಜ್ಜಿನ ಹಿಂದಿನ ತಟ್ಟಿ, ಮುಚ್ಚಳಾ ಇಲ್ಲದ ಬ್ಯಾರಲ್ಲು. ಅದನ್ನ ಮೊದಲು ನೋಡ್ರಿ. ಎರಡನೇದು ಧೂಳಾ-ರಾಡಿ. ಬರೇ ಮಣ್ಣು ಬಿಟ್ರ ಆಗ್ತದ, ಕರಕಿ, ಗಿಡಾ ಹಚ್ಚಿದ್ರ ಆಗಂಗಿಲ್ಲ. ಮೂರನೇದು ಖರ್ಚು. ಪೇವರ್ ಹಾಕ್ಸಿದ್ದರ ಮೂರನೇ ಒಂದ ಪಾಲಿನಾಗ ಇದೆಲ್ಲಾ ಆತು. ಮೊದಲೇ ತಿಳಿದಿದ್ರ ಅದೂ ಬೇಕಿದ್ದಿಲ್ಲ, ಪಾರಿಜಾತದ ಗಿಡಾನೂ ಉಳೀತಿತ್ತು. ಬೋರಿನಾಗ ನೀರು ಏರೇದೇನು ಅಂತನೂ ಕೇಳ್ತಾರ. ಏರೇದ ಅಂತ ನಾ ಸುಳ್ಳ ಹೇಳಂಗಿಲ್ಲ. ಒಂದ ಮನಿ ಇಂಗಿಸಿದ್ರ ಬೋರು ಏರಂಗಿಲ್ಲ, ಅದಕ್ಕ ಊರ ಇಂಗಸಬೇಕು.

ಊರು ಇಂಗಸಲಾರದ್ರ ಏನಾಗ್ತದ ಅಂತ ಬೆಂಗಳೂರ ನೋಡಿದ್ರ ತಿಳೀತದ. 2022ರ ಸೆಪ್ಟೆಂಬರದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕಾರು ಮುಳುಗಿ, ಕಂಪ್ಯೂಟರ್ ಕೆಲಸದವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಟಿವಿಯೊಳಗ ನೋಡಿದ್ವಿ. ಒಂದೂವರಿ ವರ್ಷ ಕಳೀಲಿಲ್ಲ, 2024ರ ಮಾರ್ಚಿನಾಗ ಅದೇ ಊರಾಗ ನೀರಿಲ್ಲ. ಟ್ಯಾಂಕರಿಗೆ ಸರಕಾರದವರೇ ದರಾ ಕಟ್ಟಬೇಕಾತು, 5 ಕಿಲೋಮೀಟರ್ ಒಳಗ 6,000 ಲೀಟರಿಗೆ 600 ರೂಪಾಯಿ ಅಂತ. ನನ್ನ ಅಂಗಳದಿಂದ ಒಂದ ತಾಸಿನಾಗ ಹೋಗಿದ್ದು 9,000 ಲೀಟರ್, ಒಂದೂವರಿ ಟ್ಯಾಂಕರ್! ಚೆನ್ನೈದ್ದೂ ಇದೇ ಕಥಿ. 2015ರಾಗ ಮುಳುಗಿತು, 2019ರಾಗ ಕೆರಿಗಳು ಒಣಗಿ ಹೋದ್ವು. ಬೆಂಗಳೂರಾಗ 2009ರಿಂದ ದೊಡ್ಡ ಮನಿಗಳಿಗೆ, ಹೊಸಾ ಮನಿಗಳಿಗೆ ಮಳಿನೀರು ಕೊಯ್ಲು ಕಡ್ಡಾಯ ಅಂತ ಕಾಯ್ದೆ ಅದ. ದಂಡಾ ಕಟ್ಟಿ ಸುಮ್ಮ ಕೂತವರೂ ಇದ್ದಾರ. ಕಾಯ್ದೆಯಿಂದ ಪೈಪು ಹಾಕಿಸಬಹುದು, ಪೈಪಿನ ಬಾಯಾಗಿನ ಎಲಿ ತಗಿಯೋರು ಮನಿಯವರೇ.

ಚೀನಾದಾಗ 2015ರಿಂದ "ಸ್ಪಂಜ್ ಸಿಟಿ" ಅಂತ ಊರಿಗೆ ಊರೇ ನೀರು ಹೀರೋ ಹಂಗ ಮಾಡ್ಲಿಕ್ಕೆ ಹೊರಟ್ರು. ಅಂಥಾ ಊರುಗಳಾಗ ಝೆಂಗ್‌ಝೌನೂ ಒಂದು. 2021ರ ಜುಲೈದಾಗ ಅಲ್ಲೆ ಒಂದೇ ತಾಸಿನಾಗ 201.9 ಮಿ.ಮೀ. ಮಳಿ ಬಿತ್ತು, ಮೆಟ್ರೋ ಸುರಂಗದಾಗ ನೀರು ಹೊಕ್ಕು ಮಂದಿ ಸತ್ರು. ಅದನ್ನ ತೋರಿಸಿ "ಇದೆಲ್ಲಾ ಸುಳ್ಳ" ಅನ್ನೋವರು ಇದ್ದಾರ. ನನಗ ಹಂಗ ಅನಸಂಗಿಲ್ಲ. ಕೊಡಿ ಹಿಡಕೊಂಡ್ರ ಜಿಟಿಜಿಟಿ ಮಳಿಗೆ ತೊಯ್ಯಂಗಿಲ್ಲ, ಬಿರುಗಾಳಿ ಬಂದ್ರ ತೊಯ್ತೇವಿ. ಅಷ್ಟಕ್ಕ ಕೊಡಿ ಒಗೀತೇವೇನು? ನೂರ ವರ್ಷಕ್ಕೊಮ್ಮೆ ಬರೋ ಮಳಿಗೆ ಗಿಡಾ-ಮಣ್ಣು ಸಾಲಂಗಿಲ್ಲ, ಗಟಾರ, ನಾಲಾ, ಮುನ್ನೆಚ್ಚರಿಕಿ ಎಲ್ಲಾ ಬೇಕು. ಆದ್ರ ಕಾಕು ಪಡಸಾಲ್ಯಾಗ ನೀರು ಹೊಕ್ಕಿದ್ದು ನೂರ ವರ್ಷದ ಮಳಿಗೆ ಅಲ್ಲ, ವರ್ಷಾ ಬರೋ ರೋಹಿಣಿ ಮಳಿಗೆ.

ಆಳೋರಿಗೆ ಹೇಳೋದೂ ನನ್ನ ಹತ್ರ ಅದ. ರಸ್ತೆ ಮಾಡೋವಾಗ ಈ ಗ್ವಾಡಿಯಿಂದ ಆ ಗ್ವಾಡಿ ತನಕಾ ಸಿಮೆಂಟ್ ಬಳೀಬ್ಯಾಡ್ರಿ, ಎರಡೂ ದಂಡಿಗೆ ಎರಡೆರಡ ಫೂಟ ಮಣ್ಣು ಬಿಡ್ರಿ. ಗಿಡದ ಬುಡಕ್ಕ ಕುತ್ತಿಗಿ ಹಿಸುಕಿದಂಗ ಕಾಂಕ್ರೀಟ್ ಹಾಕಬ್ಯಾಡ್ರಿ. ಹೊಸಾ ಡಾಂಬರು ಹಾಕೋಕಿಂತ ಮೊದಲು ಹಳೇದನ್ನ ಕೆತ್ತಿ ತಗೀರಿ, ರಸ್ತೆ ಏರಿದಷ್ಟು ಬಡವರ ಹೊಸ್ತಲಾ ಇಳೀತದ. ಓಣಿ ಪಾರ್ಕುಗಳಂತೂ ನೋಡ್ರಿ, ಸುತ್ತ ಕಟ್ಟಿ ಕಟ್ಟಿ, ಮಣ್ಣು ಏರಿಸಿ, ರಸ್ತೆಕ್ಕಿಂತ ಎತ್ತರ ಮಾಡಿರ್ತಾರ. ಮಳಿ ಬಂದ್ರ ಪಾರ್ಕಿನ ನೀರೂ ರಸ್ತೆಗೆ ಬರ್ತದ! ಅದನ್ನ ಒಂದ ಗೇಣು ಕೆಳಗ ಮಾಡಿ, ಕಟ್ಟಿಯೊಳಗ ನಾಕ ಕಿಂಡಿ ಬಿಟ್ರ, ಓಣಿ ನೀರು ಪಾರ್ಕಿಗೆ ಹೋಗಿ ಇಂಗ್ತದ. ಹುಬ್ಬಳ್ಳ್ಯಾಗ ಉಣಕಲ್ ನಾಲಾದ ದಂಡಿಗುಂಟ ಸೈಕಲ್ ದಾರಿ, ಗಿಡಾ ಅಂತ ಗ್ರೀನ್ ಕಾರಿಡಾರ್ ಕೆಲಸ ಹಿಡದಾರ. ಭಾಳ ಛಲೋ ಮಾತು. ನಾಲಾಕ್ಕ ನಾವು ಬೆನ್ನ ತೋರಿಸಿ ಮನಿ ಕಟ್ಟಿದ್ವಿ, ಈಗರೆ ಮಾರಿ ತೋರಸೋಣು. ಆದ್ರ ದಂಡಿಗೆ ಮೆತ್ತನ ಮಣ್ಣು, ಹುಲ್ಲು ಉಳೀಬೇಕು. ಬರೇ ಕೂಡ್ಲಿಕ್ಕೆ ಬೆಂಚು ಹಾಕಿದ್ರ ನೀರಿಗೆ ಏನೂ ಉಪಯೋಗಿಲ್ಲ.

ಆಳೋರು ಮಾಡೋ ತನಕಾ ಕಾಯಬೇಕಿಲ್ಲ. ಅಂಗಳ ಅನ್ನೋದು ನಮ್ಮ ಹೆಣ್ಣಮಕ್ಕಳ ಕೈಯಾಗಿನ ರಾಜ್ಯ. ಏನ ಹಚ್ಚಬೇಕು, ಏನ ಕಡೀಬೇಕು, ಕಲ್ಲ ಹಾಕಬೇಕೋ ಮಣ್ಣ ಬಿಡಬೇಕೋ ಅಂತ ಎಷ್ಟೋ ಮನ್ಯಾಗ ಕಡೀಕ ನಾವೇ ನಿರ್ಧಾರ ಮಾಡ್ತೇವಿ. ನಮ್ಮ ಮನ್ಯಾಗಂತೂ ನಾನೇ ಮಾಡಿದ್ದು, ತಪ್ಪೂ ನಾನೇ ಮಾಡಿದ್ದು. ಅದಕ್ಕ ಹೇಳ್ತೇನಿ, ಮುಂದಿನ ಜೋರ ಮಳಿ ಬಂದಾಗ ಒಂದ ಹತ್ತ ಮಿನಿಟು ಕೊಡಿ ಹಿಡಕೊಂಡು ಗೇಟಿನ ಹೊರಗ ನಿಂದರ್ರಿ. ನಿಮ್ಮ ನೀರು ಎಲ್ಲೆ ಹೋಗ್ತದ ನೋಡ್ರಿ. ಅದು ಯಾರ ಬಾಗಲದ ಮುಂದ ನಿಲ್ತದೋ ಅವರ ಹೆಸರು ನಿಮಗ ಗೊತ್ತಿರ್ತದ.

ಕಾಕು ಬಂದ ಮ್ಯಾಲೆ ನಾನೇ ಹೋಗಿ ಮಾತಾಡಿಸಿದೆ. ತಪ್ಪಾತು ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಚಹಾ ಮಾಡಿ ಕೊಟ್ರು. ಆ ಕೌದಿ ಮೂರ ಸಲ ಒಗದು ಬಿಸಿಲಿಗೆ ಹಾಕಿದ್ರೂ ಒಂದ ಮೂಲ್ಯಾಗ ಕಲೆ ಹಂಗ ಉಳದದ. ಹೋದ ವರ್ಷ ರೋಹಿಣಿ ಮಳಿ ಬಂದಾಗ ನಾ ಅವರ ಮನಿ ಕಟ್ಟಿ ಮ್ಯಾಲೆ ಹೋಗಿ ಕೂತೆ, ಎದಿ ಗಟ್ಟಿ ಹಿಡಕೊಂಡು. ನೀರು ಬಂತು. ಬರಲಿಲ್ಲ ಅಂತ ಹೇಳಂಗಿಲ್ಲ. ಮೊದಲನೇ ಪಾವಟಿಗಿ ಏರ್ತು, ಎರಡನೇದಕ್ಕ ನಿಂತು ಸ್ವಲ್ಪ ಹೊತ್ತಿಗೆ ಇಳೀತು. ಹೊಸ್ತಲಾ ದಾಟಲಿಲ್ಲ.

ಕಾಕು ನೀರು ಇಳಿಯೋದು ನೋಡಿ, ಮ್ಯಾಲಿನ ಕಡೆ ಕೈ ತೋರಿಸಿ, "ನಿನ್ನ ಎದುರಿಗಿನ ಮನಿಯಾಕಿಗೂ ಹೇಳವಾ" ಅಂದ್ರು.

ಎದುರಿಗಿನ ಮನಿ ವೈನಿ ಮೊನ್ನೆ ಪೇವರಿನ ಸ್ಯಾಂಪಲ್ ತಂದು ತೋರಿಸಿ, "ಯಾವ ಬಣ್ಣ ಛಂದ ಕಾಣಸ್ತದರಿ?" ಅಂತ ನನ್ನನ್ನ ಕೇಳ್ಯಾರ. ನಾಳೆ ಸಂಜೀಕೆ ಚಹಾಕ್ಕ ಕರದೇನಿ. ಪತ್ರವಡಿ ಮಾಡಿ ಇಟ್ಟು, ಈ ಆರು ನೂರು ಕೊಡದ ಲೆಕ್ಕಾ ಮುಂದ ಇಡ್ತೇನಿ. ಕೇಳ್ತಾರೋ ಇಲ್ಲೋ ನೋಡಬೇಕು.